ಮಲಗಿದಾಗ ಸೋರುವ ಬೋಟು

ದನದ ಕೊಟ್ಟಿಗೆಗೆ ತಗಡು ತರುತ್ತೇನೆಂದು ಮೂಡಲಗಿಗೆ ಹೋದ ಮನುಷ್ಯ ತಗಡು ತರಬೇಕು. ತಗಡು ಸಿಗದಿದ್ದರೆ ಬರಿಗೈಯಲ್ಲಿ ಬರಬೇಕು. ಲೋಕರೂಢಿ ಹೀಗಿರುವಾಗ ನಮ್ಮ ಪರಸಪ್ಪ ಮೂಡಲಗಿಯ ಗುಜರಿ ಅಂಗಡಿಯಿಂದ ಒಂದು ಬೋಟು ತಂದ.

ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಅದು ಅಂಗಾತ ಮಲಗಿಕೊಂಡು ಊರೊಳಗೆ ಬಂದಾಗ ನಾನು ನನ್ನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತಿದ್ದೆ. ಊರೆಂದರೆ ಮೇಲವಂಕಿಯ ರಸ್ತೆ ಬಿಟ್ಟು ಹೊಳೆಯ ಕಡೆ ಇಳಿದರೆ ಸಿಗುವ ಐವತ್ತು ಮನೆಗಳ ವಸ್ತಿ. ನನ್ನ ಗಿರಣಿಯನ್ನು ದಾಟದೆ ಇಲ್ಲಿಗೆ ನಾಯಿಯೂ ಬರಲಾರದು. ಹಾಗಾಗಿ ಮುಂದಿನದನ್ನೆಲ್ಲ ನಾನು ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಯಾರಾದರೂ ಬೇರೆ ಥರ ಹೇಳಿದರೆ ಅವರ ಹಿಟ್ಟು ಬೀಸುವಾಗ ನಾನು ಕಲ್ಲನ್ನು ಸ್ವಲ್ಪ ಸಡಿಲ ಬಿಡುತ್ತೇನೆ.

ಬೋಟು ಹನ್ನೆರಡು ಅಡಿ ಉದ್ದ, ಅಲ್ಯೂಮಿನಿಯಂನದು. ಯಾವನೋ ಮೀನಿನ ಗುತ್ತಿಗೆದಾರ ಅದನ್ನು ಹತ್ತು ವರ್ಷ ದುಡಿಸಿ ಗುಜರಿಗೆ ಹಾಕಿದ್ದ. ಮೈತುಂಬ ತಗ್ಗುಗಳು. ತಳದಲ್ಲಿ ಸಾಲಾಗಿ ರಿವೆಟ್ಟುಗಳು. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅನ್ನುವುದು ರೂಢಿ. ಪರಸಪ್ಪನ ಹೆಂಡತಿ ಅನ್ನಪೂರ್ಣಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಇಷ್ಟ ದೊಡ್ಡ ಜರ್ಮನ್ ಪಾತೇಲಿ ಯಾರ ಮದಿವಿಗೆ ತಂದೀರಿ?” ಅಂದಳು.

“ಪಾತೇಲಿ ಅಲ್ಲ, ಬೋಟು. ಎಳ್ಳ ಅಮಾಸಿಗೆ ಗೌರಕ್ಕನ್ನ ಹೊಳಿ ದಾಟಿಸಿ ಕರಕೊಂಡು ಬರ್ತೇನಿ” ಅಂದ ಪರಸಪ್ಪ.

ಇಲ್ಲಿ ಗೌರಕ್ಕನ ಸಂಗತಿ ಹೇಳಬೇಕು. ಗೌರಕ್ಕ ಪರಸಪ್ಪನ ಅಕ್ಕ. ಆಕೆಯನ್ನು ಕೊಟ್ಟದ್ದು ಆಚೆ ದಂಡೆಗೆ, ಹುಕ್ಕೇರಿ ತಾಲೂಕಿನ ಘೋಡಗೇರಿ ಕಡೆಯ ಒಂದು ತೋಟದ ಮನೆಗೆ. ಈಚೆ ದಂಡೆಯಲ್ಲಿ ನಿಂತರೆ ಆಕೆಯ ಮನೆಯ ಹೊಗೆ ಕಾಣುತ್ತದೆ. ಆಕೆ ಹಿತ್ತಲಲ್ಲಿ ಸೀರೆ ಒಣಹಾಕಿದರೆ ಅದರ ಬಣ್ಣವನ್ನು ಹೇಳಬಹುದು. ಆದರೆ ರಸ್ತೆ ಹಿಡಿದು ಹೋದರೆ ಸೇತುವೆ ಸುತ್ತಿಕೊಂಡು ಇಪ್ಪತ್ತೆರಡು ಕಿಲೋಮೀಟರ್. ಗೌರಕ್ಕನಿಗೆ ಬಸ್ಸು ಆಗುವುದಿಲ್ಲ. ಹತ್ತಿದ ಎರಡನೇ ನಿಮಿಷಕ್ಕೆ ವಾಂತಿ. ಜೀಪೂ ಅಷ್ಟೇ, ಕಾರೂ ಅಷ್ಟೇ. ಮೋಟರ್‌ ಸೈಕಲ್ ಮೊದಲು ಹತ್ತುತ್ತಿದ್ದಳು, ಈಗ ಅದಕ್ಕೆ ಮೊಣಕಾಲು ಬಿಡುವುದಿಲ್ಲ. ಹೀಗಾಗಿ ಆಕೆ ತವರಿಗೆ ಬಂದು ಮೂರು ವರ್ಷವಾಗಿತ್ತು.

ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಗೆ ಎಡೆ ಚೆಲ್ಲುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಪರಸಪ್ಪನ ಮನೆತನದಲ್ಲಿ ಮೊದಲ ಮುಷ್ಟಿ ಮನೆಮಗಳ ಕೈಯಿಂದಲೇ ಬೀಳಬೇಕೆಂದು ಅವರ ಅಪ್ಪನ ಕಾಲದಿಂದ ಪದ್ಧತಿ. ಮೂರು ವರ್ಷ ಆ ಮುಷ್ಟಿಯನ್ನು ಅನ್ನಪೂರ್ಣಾ ಚೆಲ್ಲಿದಳು. ಆ ಮೂರೂ ವರ್ಷ ಗೌರಕ್ಕ ಆಚೆ ದಂಡೆಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, ಅಪ್ಪನ ಹೊಲವನ್ನು ನೋಡಿದಳು. ಹೋದ ವರ್ಷ ಅದನ್ನು ಕಂಡ ಪರಸಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಯ ಮೇಲೆ ವಾಪಸು ಇಟ್ಟ. ಎಲ್ಲರ ಮುಂದೆ, ನನ್ನ ಮುಂದೆ ಕೂಡ, “ಬರೂ ವರ್ಷ ಅಕ್ಕ ಈ ಹೊಲದಾಗ ನಿಂದರದಿದ್ರ ನಾನು ಪರಸಪ್ಪನ ಅಲ್ಲ” ಅಂದುಬಿಟ್ಟ. ಊರವರು ಇಂಥ ಮಾತನ್ನು ಮರೆಯುವುದಿಲ್ಲ. ಹನ್ನೊಂದು ತಿಂಗಳು ಅವನು ಗಿರಣಿಗೆ ಬಂದಾಗಲೆಲ್ಲ “ಬರ್ರಿ, ಪರಸಪ್ಪ ಅಲ್ಲದವರ” ಎಂದು ಕರೆದರು. ನಾನೇ ಶುರು ಮಾಡಿದ್ದು.

ಬೋಟು ಬಂದಾಗ ಅಮಾವಾಸ್ಯೆಗೆ ಇಪ್ಪತ್ತಾರು ದಿನ ಉಳಿದಿತ್ತು.

ಹಳೆಯ ಬೋಟು ಎಲ್ಲಿ ಸೋರುತ್ತದೆ ಎಂದು ತಿಳಿಯುವುದು ಹೇಗೆ? ಗುಜರಿಯವನು ಒಂದು ಉಪಾಯ ಹೇಳಿಕೊಟ್ಟಿದ್ದ. ಬೋಟನ್ನು ನೀರಿನೊಳಗೆ ಇಡಬಾರದು, ನೀರನ್ನೇ ಬೋಟಿನೊಳಗೆ ತುಂಬಬೇಕು. ಒಳಗಿನ ನೀರು ಎಲ್ಲಿ ಹೊರಗೆ ಬರುತ್ತದೋ ಅಲ್ಲಿಂದಲೇ ಹೊಳೆಯ ನೀರು ಒಳಗೆ ಬರುತ್ತದೆ. ಪರಸಪ್ಪ ತನ್ನ ಹೊಲದ ಪಂಪಿನ ಪಕ್ಕ, ಗೋವಿನಜೋಳ ಮುರಿದು ಖಾಲಿಯಾಗಿದ್ದ ಜಾಗದಲ್ಲಿ, ಆರು ಕಲ್ಲು ಹೂಡಿ ಬೋಟನ್ನು ಅದರ ಮೇಲೆ ಕೂರಿಸಿದ. ಪಂಪಿನ ಪೈಪು ತಂದು ಒಂದು ಅಡಿ ನೀರು ಬಿಟ್ಟ. ಆಮೇಲೆ ಕೆಳಗೆ ನುಸುಳಿ ಅಂಗಾತ ಮಲಗಿದ.

ಐದು ಕಡೆ ರಿವೆಟ್ಟಿನ ಬುಡದಿಂದ ನೀರು ಸುರಿಯುತ್ತಿತ್ತು. ಗುರುತು ಹಾಕಲು ಸುಣ್ಣದ ಕಡ್ಡಿ ಹಿಡಿದರೆ ಒದ್ದೆ ಲೋಹದ ಮೇಲೆ ಅದು ನಿಲ್ಲಲಿಲ್ಲ. ಅನ್ನಪೂರ್ಣಾಳ ಕುಂಕುಮದ ಭರಣಿ ತರಿಸಿ ಐದೂ ಕಡೆ ಬೊಟ್ಟಿಟ್ಟ. ಸಾಲದ್ದಕ್ಕೆ, ಕೆಳಗೆ ಮಲಗಿದಾಗ ಹುಡುಕಾಡಬಾರದೆಂದು ಆ ಬೊಟ್ಟುಗಳ ನೇರಕ್ಕೆ ಪಕ್ಕದ ಹೊರಮೈಮೇಲೂ ಐದು ಬೊಟ್ಟಿಟ್ಟ. ಇಷ್ಟು ಕುಂಕುಮ ಹಚ್ಚಿಕೊಂಡ ಮೇಲೆ ಯಾವ ವಸ್ತುವೂ ಬರೀ ವಸ್ತುವಾಗಿ ಉಳಿಯುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಮೊದಲು ಬಂದ ಪಂಡಿತ ನಮ್ಮ ಪಂಚರ್ ಅಂಗಡಿಯ ಭೀಮಶಿ. ಮೂವತ್ತು ವರ್ಷದಿಂದ ತೂತು ಹುಡುಕುವುದೇ ಅವನ ಕಸುಬು. ಅವನು ಬೋಟನ್ನು ಒಂದು ಸುತ್ತು ಹಾಕಿ, ತಲೆ ಅಲ್ಲಾಡಿಸಿದ.

“ನಿನ್ನ ಪದ್ಧತಿನ ತಪ್ಪೈತಿ ಪರಸಪ್ಪಣ್ಣ. ಟ್ಯೂಬಿನ ಒಳಗ ನೀರ ತುಂಬಿ ಯಾರರೆ ಪಂಚರ್ ನೋಡ್ತಾರೇನು? ಟ್ಯೂಬ್ ನೀರಾಗ ಮುಳಗಿಸಬೇಕು. ಎಲ್ಲಿ ಗುಳ್ಳಿ ಏಳತಾವೋ ಅಲ್ಲಿ ತೂತು. ಇದನ್ನ ಹೊಳ್ಯಾಗ ಮುಳಗಸು, ನಾನು ದಂಡಿ ಮ್ಯಾಲೆ ಕುಂತು ಗುಳ್ಳಿ ನೋಡ್ತೇನಿ.”

“ಮುಳಗಬಾರದಂತನ ರಿಪೇರಿ ಮಾಡಾಕತ್ತೇನೋ ಮಾರಾಯಾ.”

“ಒಂದ ಸರ್ತಿ ಮುಳಗಿದ್ರ ಏನಾಗತೈತಿ?”

“ಮುಳಗಿದ ಮ್ಯಾಲೆ ಎತ್ತಾವ್ರು ಯಾರು?”

ಭೀಮಶಿ ಯೋಚಿಸಿದ. “ಎತ್ತೂದು ನನ್ನ ಖಾತೆ ಅಲ್ಲ” ಅಂದು ಹೋದ. ಆದರೂ ದಿನಾ ಬಂದು ನೋಡುವುದನ್ನು ಬಿಡಲಿಲ್ಲ.

ಆಮೇಲೆ ಗೋಕಾಕದಿಂದ ಓಂಕಾರನನ್ನು ಕರೆಸಲಾಯಿತು. ಇವನು ಹೋಟೆಲುಗಳ ದೊಡ್ಡ ಪಾತ್ರೆ ರಿಪೇರಿ ಮಾಡುವವನು, ಮಾತು ಕಡಿಮೆ. ನೀರು ತೆಗೆಸಿದ. ಒಳಗಿನಿಂದ ಪರಸಪ್ಪನ ಕೈಯಲ್ಲಿ ಒಂದು ಕಬ್ಬಿಣದ ಗಟ್ಟಿ ಹಿಡಿಸಿ, ತಾನು ಹೊರಗಿನಿಂದ ಸಡಿಲವಾದ ರಿವೆಟ್ಟುಗಳನ್ನು ಬಡಿದು ಬಿಗಿ ಮಾಡಿದ. ಮೇಲೆ ಬೂದು ಬಣ್ಣದ ಯಾವುದೋ ಅಂಟು ಮೆತ್ತಿದ. “ಎರಡು ದಿನ ಒಣಗಲಿ, ಆಮ್ಯಾಲೆ ನೀರು ತುಂಬ್ರಿ. ಸೋರಂಗಿಲ್ಲ” ಅಂದು ಊಟ ಮಾಡಿ ಹೊರಟುಹೋದ. ಆ ಮನುಷ್ಯ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಮ್ಮೂರಲ್ಲಿ ಮುಂದೆ ಹದಿನೆಂಟು ದಿನ ಅದನ್ನು ಒಬ್ಬನೂ ನಂಬಲಿಲ್ಲ.

ಯಾಕೆಂದರೆ ಆ ಎರಡು ದಿನದ ನಡುವೆ ಶೆಟ್ಟೆಪ್ಪ ಬಂದ. ಶೆಟ್ಟೆಪ್ಪ ಕೌಜಲಗಿ ಕಡೆಯ ಕುರಿಗಾರ. ನೂರಾಐವತ್ತು ಕುರಿ, ಒಂದು ಕತ್ತೆ, ಹೆಂಡತಿ ಅಲ್ಲವ್ವ. ಕೊಯ್ಲು ಮುಗಿದ ಹೊಲದಲ್ಲಿ ಕುರಿ ತರುಬಿದರೆ, ಅಂದರೆ ರಾತ್ರಿ ನಿಲ್ಲಿಸಿಕೊಂಡರೆ, ಭೂಮಿಗೆ ಒಳ್ಳೆಯ ಗೊಬ್ಬರ; ಅದಕ್ಕೆಂದು ಪರಸಪ್ಪನೇ ಅವನಿಗೆ ಮೂರು ದಿನ ಇರಲು ಹೇಳಿದ್ದ. ಹೇಳಿ ಮರೆತಿದ್ದ. ಅವನ ತಲೆಯಲ್ಲಿ ಆಗ ಬೋಟು ಬಿಟ್ಟು ಬೇರೆ ಏನಕ್ಕೂ ಜಾಗವಿರಲಿಲ್ಲ.

ಈಗ ನಮ್ಮ ಕರೆಂಟಿನ ವಿಷಯ. ಪಂಪಿಗೆ ಬೇಕಾದ ತ್ರೀ ಫೇಸ್ ಆ ತಿಂಗಳು ರಾತ್ರಿ ಹತ್ತಕ್ಕೆ ಬಂದು ಬೆಳಗಿನ ನಾಲ್ಕಕ್ಕೆ ಹೋಗುತ್ತಿತ್ತು. ಪರಸಪ್ಪ ಕಬ್ಬಿಗೆ ನೀರು ಹಾಯಿಸಿ, ಕೊನೆಗೆ ಬೋಟು ತುಂಬಿಸಿ, ಒಳಮೈಮೇಲೆ ನೀರಿನ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು, ಮನೆಗೆ ಹೋಗಿ ಮಲಗುತ್ತಿದ್ದ. ಎದ್ದು ಬರುತ್ತಿದ್ದದ್ದು ಒಂಬತ್ತಕ್ಕೆ.

ಮೊದಲ ದಿನ ಬಂದು ನೋಡಿದ. ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು.

ಕೆಳಗೆ ನುಸುಳಿದ. ತಳ ಒಣಗಿತ್ತು. ಕೈಯಾಡಿಸಿದ. ಕೆನ್ನೆ ಹಚ್ಚಿ ನೋಡಿದ. ಒಂದು ಹನಿಯೂ ಇಲ್ಲ. ಸಂಜೆಯವರೆಗೆ ಅಲ್ಲೇ ಕೂತ. ನೀರು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಮರುದಿನ ಬೆಳಗಿನ ಜಾವ ಮತ್ತೆ ಗೆರೆಯವರೆಗೆ ತುಂಬಿ ಮಲಗಿದ. ಒಂಬತ್ತಕ್ಕೆ ಬಂದರೆ ಮತ್ತೆ ನಾಲ್ಕು ಬೆರಳು ಕೆಳಗೆ.

ಅವನು ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕೂತು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ನಾನು ಎಚ್ಚರ ಇದ್ದಾಗ ಸೋರಂಗಿಲ್ಲ. ನಾ ಮಲಗಿದ ಕೂಡ್ಲೆ ಸೋರತೈತಿ.”

ಇಂಥ ಮಾತು ಕೇಳಿ ಸುಮ್ಮನಿರುವ ಊರು ನಮ್ಮದಲ್ಲ. ಭೀಮಶಿ ಇದಕ್ಕೆ ಸ್ಲೋ ಪಂಚರ್ ಎಂದು ಹೆಸರಿಟ್ಟ. ಬೆಳಗಿನ ಚಳಿಗೆ ಲೋಹ ಮುದುಡುತ್ತದೆ, ಆಗ ತೂತು ಬಾಯಿ ತೆರೆಯುತ್ತದೆ, ಬಿಸಿಲು ಬಿದ್ದ ಕೂಡಲೇ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದ. ಇನ್ನೊಬ್ಬರು ನೀರು ಆವಿಯಾಗುತ್ತಿದೆ ಅಂದರು. ಮಾರ್ಗಶಿರದ ಚಳಿಯಲ್ಲಿ ನಾಲ್ಕು ಬೆರಳು ನೀರು ಆವಿಯಾಗಬೇಕಾದರೆ ಕೆಳಗೆ ಒಲೆ ಹಚ್ಚಿರಬೇಕು ಎಂದು ನಾನು ಹೇಳಿದೆ. ಈ ಪ್ರಕರಣದಲ್ಲಿ ಯಾರಾದರೂ ಆಡಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು. ಆದರೆ ಅದರ ಮುಂದಿನ ಮಾತು ನನಗೂ ಹೊಳೆಯಲಿಲ್ಲ.

ಪರಸಪ್ಪ ಕಾಣದ ತೂತನ್ನು ಮುಚ್ಚಲು ಹೊರಟ. ಕಾಣುವ ತೂತಿಗೆ ಒಂದು ಮದ್ದು ಸಾಕು, ಕಾಣದ ತೂತಿಗೆ ಊರಿನಲ್ಲಿರುವ ಮದ್ದೆಲ್ಲ ಬೇಕು. ಮೊದಲು ಇಡೀ ತಳಕ್ಕೆ ಓಂಕಾರನ ಅಂಟು ಬಳಿದ. ನಾಲ್ಕು ಬೆರಳು ಇಳಿಯಿತು. ರಸ್ತೆ ಕೆಲಸದವರಿಂದ ಡಾಂಬರು ತಂದು ಕಾಸಿ ಬಳಿದ. ನಾಲ್ಕು ಬೆರಳು. ಹಳೆಯ ವಾಡೆ ಕಟ್ಟಿದ ಮೇಸ್ತ್ರಿಗಳ ಪದ್ಧತಿಯೆಂದು ಸುಣ್ಣ ಬೆಲ್ಲ ಅರೆದು ಒಳಗೆ ಗಿಲಾವು ಮಾಡಿದ. ಇರುವೆ ಬಂದವು. ನೀರು ಮತ್ತೆ ಇಳಿಯಿತು, ಈ ಸಲ ಐದು ಬೆರಳು.

“ಬೆಲ್ಲ ಹಾಕಿದ ಮ್ಯಾಲೆ ಒಂದ ಬೆಳ್ಳ ಜಾಸ್ತಿ ಸೋರಾಕತ್ತೈತಿ” ಎಂದು ಪರಸಪ್ಪ ದುಃಖದಿಂದ ಹೇಳಿದ. ಆ ಮಾತಿನಲ್ಲಿ ಎಲ್ಲ ಉತ್ತರ ಇತ್ತು. ಆದರೆ ನಾವೆಲ್ಲ ತೂತನ್ನೇ ನೋಡುತ್ತಿದ್ದೆವು.

ಇತ್ತ ಶೆಟ್ಟೆಪ್ಪ ಮೂರು ದಿನಕ್ಕೆಂದು ಬಂದವನು ಹತ್ತು ದಿನವಾದರೂ ಹೋಗಲಿಲ್ಲ. ಕುರಿಗಾರರು ಒಂದು ಹೊಲದಲ್ಲಿ ಇಷ್ಟು ದಿನ ನಿಂತದ್ದನ್ನು ನಮ್ಮೂರು ಕಂಡಿಲ್ಲ. ಪರಸಪ್ಪ ಪದ್ಧತಿಯಂತೆ ಕೊಡಬೇಕಾದ ಜೋಳದ ಚೀಲ ಹೊತ್ತುಕೊಂಡು ಹೋದರೆ ಶೆಟ್ಟೆಪ್ಪ ಕೈ ಮುಗಿದ.

“ಬ್ಯಾಡ್ರಿ. ನಿಮ್ಮ ನೀರಿನ ಋಣನ ದೊಡ್ಡದಾತು. ಜ್ವಾಳ ಬ್ಯಾರೆ ಯಾಕ?”

ಏನೋ ಸೌಜನ್ಯದ ಮಾತು ಎಂದುಕೊಂಡು ಪರಸಪ್ಪ ಚೀಲ ವಾಪಸು ತಂದ. ಅಲ್ಲವ್ವ ಬೋಟಿನ ಹೊರಮೈಮೇಲಿನ ಐದು ಬೊಟ್ಟುಗಳಿಗೆ ಅರಿಶಿನ ಹಚ್ಚಿ ಊದಿನಕಡ್ಡಿ ಸಿಕ್ಕಿಸಿದ್ದನ್ನು ನೋಡಿದಾಗಲೂ ಅವನು ಏನೂ ಅನ್ನಲಿಲ್ಲ. ಆ ಹಂತದಲ್ಲಿ ದೇವರ ಸಹಾಯವನ್ನು ಬೇಡವೆನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಅಮಾವಾಸ್ಯೆಗೆ ಆರು ದಿನ ಇರುವಾಗ ಪರಸಪ್ಪ ಕೊನೆಯ ಸಲ ಎಂದು ಎರಡು ಪದರ ಡಾಂಬರು ಬಳಿದ. ಅವತ್ತು ಮನೆಗೆ ಹೋಗಿ ಮಲಗುವ ಬದಲು ಕಂಬಳಿ ಹೊದ್ದು ಬೋಟಿನ ಎದುರೇ ಕೂತ. ಬೆಳಗಾಯಿತು. ಒಂಬತ್ತಾಯಿತು. ನೀರು ಗೆರೆಗೆ ಸರಿಯಾಗಿ ನಿಂತಿತ್ತು.

ಅವನು ಕುಣಿಯುವುದೊಂದು ಬಾಕಿ. ಗೋಕಾಕಕ್ಕೆ ಹೋಗಿ ಕರದಂಟು ತಂದು ಮನೆಮನೆಗೆ ಹಂಚಿದ. ನನಗೆ ಎರಡು ತುಂಡು ಕೊಟ್ಟ. ಗೌರಕ್ಕನಿಗೆ ಫೋನ್ ಮಾಡಿ, “ಅಕ್ಕಾ, ತಯಾರ ಆಗು. ಸೋರೂದು ನಿಂತೈತಿ” ಅಂದ. ಭೀಮಶಿ ಕರದಂಟು ತಿನ್ನುತ್ತ, ಗುಳ್ಳೆ ನೋಡದೆ ಖಾತ್ರಿ ಕೊಡಲಾಗದು ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ರಾತ್ರಿ ಪರಸಪ್ಪ ನಿಶ್ಚಿಂತೆಯಿಂದ ಮಲಗಿದ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ಬೆರಳು.

ಅವತ್ತಿನಿಂದ ಅವನು ಮಾತು ಬಿಟ್ಟ. ಗಿರಣಿಗೆ ಬಂದು ಕೂರುತ್ತಿದ್ದ, ಹೋಗುತ್ತಿದ್ದ. ‘ಪರಸಪ್ಪ ಅಲ್ಲದವರ’ ಎಂದು ಕರೆಯಲು ನನಗೂ ಮನಸ್ಸಾಗಲಿಲ್ಲ. ಆಚೆ ದಂಡೆಯಲ್ಲಿ ಗೌರಕ್ಕ ಎರಡು ಹೊಸ ಸೀರೆ ತೊಳೆದು ಒಣಹಾಕಿದ್ದಳು. ಅದು ಈಚೆ ದಂಡೆಗೆಲ್ಲ ಕಾಣುತ್ತಿತ್ತು. ಸೋರುವ ಬೋಟಿನಲ್ಲಿ ಅಕ್ಕನನ್ನು ಕೂರಿಸಲಾರ, ಕೂರಿಸುವುದಿಲ್ಲ ಎಂದು ಹೇಳಲೂ ಆರ. ಅವನನ್ನು ನೋಡಿ ನನಗೆ ನಿಜವಾಗಿಯೂ ಕೆಡುಕೆನಿಸಿತು.

ಅಮಾವಾಸ್ಯೆಯ ಹಿಂದಿನ ದಿನ ಹನ್ನೊಂದರ ಹೊತ್ತಿಗೆ ಪಂಚಾಯಿತಿಯ ಪಿಡಿಒ ಆಮ್ರಪಾಲಿ ಮೇಡಂ ಸ್ಕೂಟಿಯ ಮೇಲೆ ಬಂದು ಗಿರಣಿಯ ಮುಂದೆ ಇಳಿದರು. ಪಂಚಾಯಿತಿಯ ಸಾಹೇಬರು ತಾವಾಗಿ ಹುಡುಕಿಕೊಂಡು ಬಂದರೆ ಮನುಷ್ಯ ಮೊದಲು ತನ್ನ ಮನೆಪಟ್ಟಿಯ ಬಾಕಿಯನ್ನು ನೆನೆಯುತ್ತಾನೆ. ನಾನು ಗಿರಣಿ ಬಂದ್ ಮಾಡಿದೆ.

“ಪರಸಪ್ಪ ಅನ್ನಾವ್ರು ಯಾರ್ರಿ?”

ಚೀಲದ ಮೇಲಿದ್ದ ಪರಸಪ್ಪ ಎದ್ದು ನಿಂತ. ಸರಕಾರಿ ಡಾಂಬರಿನ ವಿಷಯ ಹೊರಬಿತ್ತು ಎಂದು ಅವನ ಮುಖ ಬಿಳಿಚಿತು.

“ನಿಮ್ಮನ್ನ ಅಭಿನಂದಿಸಾಕ ಬಂದೇನಿ” ಅಂದರು ಮೇಡಂ. “ಈ ವಸ್ತಿಯವ್ರು ಮೂರು ವರ್ಷದಿಂದ ದನಕರುಗಳಿಗೆ ನೀರಿನ ತೊಟ್ಟಿ ಬೇಕಂತ ಅರ್ಜಿ ಕೊಡಾಕತ್ತಾರ. ನಮಗ ಜಾಗ ಸಿಗಲಿಲ್ಲ. ನೀವು ಸ್ವಂತ ಹೊಲದಾಗ, ಸ್ವಂತ ಪಂಪಿನಿಂದ ಮಾಡೀರಿ. ವರದಿಯೊಳಗ ಬರಿಯಾಕಿ ಅದೇನಿ.”

“ನಾ ಯಾವ ತೊಟ್ಟಿ ಮಾಡಿಲ್ಲರಿ ಮೇಡಂ.”

“ಸಂಕೋಚ ಮಾಡಬ್ಯಾಡ್ರಿ. ಇವತ್ತ ಬೆಳಿಗ್ಗೆ ಕೂಲಿ ಕೆಲಸದ ಹಾಜರಿ ಫೋಟೋ ತಗ್ಯಾಕ ಬಂದಿದ್ದೆ. ದಾರ್ಯಾಗ ಕಂಡ್ತು, ಹೊಡಕೊಂಡೆ.” ಮೇಡಂ ಮೊಬೈಲನ್ನು ಅವನ ಮುಂದೆ ಹಿಡಿದರು.

ಫೋಟೋದಲ್ಲಿ ಬೋಟು ಇತ್ತು. ಬೋಟಿನ ಎರಡೂ ಮಗ್ಗುಲಲ್ಲಿ ಸಾಲಾಗಿ, ಒತ್ತಾಗಿ, ಕುರಿಗಳು ಮುಂಗಾಲೂರಿ ಕುತ್ತಿಗೆ ಒಳಗೆ ಚಾಚಿದ್ದವು; ನೂರಾಐವತ್ತರಲ್ಲಿ ಉಳಿದವು ಹಿಂದೆ ಸರದಿ ಕಾಯುತ್ತಿದ್ದವು. ಕತ್ತೆ ಬೋಟಿನ ಮೂತಿಯ ಕಡೆ ಪ್ರತ್ಯೇಕ ಜಾಗ ಮಾಡಿಕೊಂಡಿತ್ತು.

ಪರಸಪ್ಪ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡ.

“ಇದನ್ನ ಎಷ್ಟ ಗಂಟೆಕ್ಕ ಹೊಡದ್ರಿ ಮೇಡಂ?”

“ಆರೂ ಮೂವತ್ತೈದು.”

ಪರಸಪ್ಪ ಮತ್ತೆ ಚೀಲದ ಮೇಲೆ ಕೂತ. ಭೀಮಶಿ ಹಿಂದಿನಿಂದ ಇಣುಕಿ ನೋಡಿ, “ನೂರಾಐವತ್ತು ಪಂಚರ್” ಅಂದ.

ಆಮೇಲೆ ಪರಸಪ್ಪ ಎದ್ದ. ಎದ್ದ ರೀತಿ ನೋಡಿ ನಾವೆಲ್ಲ ಅವನ ಹಿಂದೆ ನಡೆದೆವು. ಮೇಡಂ ಕೂಡ ಸ್ಕೂಟಿ ಬಿಟ್ಟು ಬಂದರು. ಹದಿನೆಂಟು ದಿನ, ಮೂರು ಪದರ ಡಾಂಬರು, ಎರಡು ಕಿಲೋ ಬೆಲ್ಲ, ಇಡೀ ಊರಿಗೆ ಕರದಂಟು. ಇವತ್ತು ಶೆಟ್ಟೆಪ್ಪನಿಗೆ ಉಳಿಗಾಲವಿಲ್ಲ ಎಂದು ನಾನು ಪಕ್ಕದವನಿಗೆ ಹೇಳಿದೆ.

ಶೆಟ್ಟೆಪ್ಪ ದೂರದಿಂದಲೇ ಪರಸಪ್ಪನನ್ನು ಕಂಡು ಎದ್ದು, ತನ್ನ ಹೆಗಲ ಮೇಲಿನ ಕಂಬಳಿಯನ್ನು ನೆಲಕ್ಕೆ ಹಾಸಿದ. “ಬರ್ರಿ ಧಣ್ಯಾರ, ಕೂಡ್ರಿ” ಅಂದು ಪಿಡಿಒ ಮೇಡಂ ಕಡೆ ತಿರುಗಿದ. “ಸರಕಾರದವ್ರೂ ಬಂದೀರಿ, ಚಲೋ ಆತು. ಬರಕೋರಿ. ನಲವತ್ತು ವರ್ಷ ಕುರಿ ಕಾದೇನಿ. ಕುರಿ ತರುಬಿಸಿಕೊಳ್ಳಾವ್ರು ಗೊಬ್ಬರ ಕೇಳ್ತಾರ, ನೀರು ಯಾರೂ ಕೇಳಂಗಿಲ್ಲ. ಇವ್ರು ನಾವು ಬರೂದಕ್ಕಿಂತ ಮೊದಲ ಇಷ್ಟ ದೊಡ್ಡ ಜರ್ಮನ್ ತೊಟ್ಟಿ ತಂದು, ಕಲ್ಲ ಮ್ಯಾಲೆ ಕುರಿ ಬಾಯಿಗೆ ಸರಿಯಾಗಿ ಇಟ್ಟು, ಪೂಜಿ ಮಾಡಿ, ಕುಂಕುಮ ಹಚ್ಚಿ, ದಿನಾ ಹೊಸಾ ನೀರು ತುಂಬ್ಯಾರ. ನಡುವ ಒಂದು ದಿನ ಬೆಲ್ಲದ ನೀರು ಕುಡಿಸ್ಯಾರ. ನನ್ನ ಹಡದಪ್ಪನೂ ನನ್ನ ಕುರಿಗೆ ಬೆಲ್ಲ ಹಾಕಿಲ್ಲ.”

ಶೆಟ್ಟೆಪ್ಪನ ಕಣ್ಣಲ್ಲಿ ನೀರಿತ್ತು. ಪರಸಪ್ಪ ಕ್ಷೀಣವಾಗಿ ಕೇಳಿದ, “ಮತ್ತ ನಾ ಎದುರು ಕುಂತ ದಿನ ಯಾಕ ಕುಡಿಸಲಿಲ್ಲ, ಕಾಕಾ?”

“ಅನ್ನ ಹಾಕಿದಾತ ಎದುರಿಗೆ ಕುಂತು ನೋಡಾಕತ್ತಾಗ ಗಬಗಬ ಉಣ್ಣಬಾರದರಿ. ಅವತ್ತ ಹೊಳಿಗೆ ಹೊಡಕೊಂಡು ಹೋದೆ. ಕುರಿ ಇದ್ರೇನಾತು, ಮರ್ಯಾದಿ ಇರಬೇಕು.”

ಆ ಹೊತ್ತಿಗೆ ಹೊಲದ ಕೊಟ್ಟಿಗೆಯಿಂದ ಎಮ್ಮೆ ಬಿಡಲು ಬಂದಿದ್ದ ಅನ್ನಪೂರ್ಣಾ ಗುಂಪು ನೋಡಿ ಹತ್ತಿರ ಬಂದಳು. ವಿಷಯ ತಿಳಿದು ಗಂಡನನ್ನು ನೋಡಿದಳು. “ದಿನಾ ಹಾಲು ಹಿಂಡಾಕ ಬಂದಾಗ ನಾನೂ ನೋಡ್ತೇನಲ್ಲ. ನೀವ ಹೇಳಿ ಕುಡಸಾಕತ್ತೀರಿ ಅಂದ್ಕೊಂಡಿದ್ದೆ.”

“ನೋಡಿದ್ರ ಒಂದ ಮಾತು ಹೇಳಬಾರದ? ದಿನಾ ಬೋಟು ಸೋರತೈತಿ, ಸೋರತೈತಿ ಅಂತ ಮನ್ಯಾಗ ಬಡಕೊಳ್ಳಾಕತ್ತಿದ್ನೆಲ್ಲ.”

“ನೀವು ಸೋರತೈತಿ ಅಂದ್ರಿ. ನೀರು ಕಡಿಮಿ ಆಗತೈತಿ ಅಂದಿದ್ರ ಹೇಳ್ತಿದ್ದೆ. ಸೋರೂದಕ್ಕೂ ಕುರಿಗೂ ಏನ ಸಂಬಂಧ?”

ಪರಸಪ್ಪ ಮೊದಲು ಬೋಟನ್ನು ನೋಡಿದ, ಆಮೇಲೆ ಕುರಿಗಳನ್ನು. ಅವನ ಮುಖದಲ್ಲಿ ಮೆಲ್ಲಗೆ ಒಂದು ಬೆಳಕು ಬಂತು. “ಹಂಗಾರ ಬೋಟು ಸೋರೂದಿಲ್ಲ” ಅಂದ. ಶೆಟ್ಟೆಪ್ಪನ ಪಕ್ಕ ಕಂಬಳಿಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ತೊಟ್ಟಿ ಎಂದು ತಿಳಿದದ್ದು ಬೋಟು ಎಂದು ಗೊತ್ತಾದಾಗ ಶೆಟ್ಟೆಪ್ಪನಿಗೆ ನಾಚಿಕೆಯಾಗಿ, ನಾಳೆ ಅದನ್ನು ಹೊಳೆಗೆ ಇಳಿಸಲು ತಾನೇ ಮೊದಲ ಹೆಗಲು ಕೊಡುವೆನೆಂದ. ಮೇಡಂ ಮಾತ್ರ ವರದಿಯಲ್ಲಿ ತೊಟ್ಟಿ ಎಂದೇ ಬರೆದರು. ಬೋಟಿಗೆ ಅವರ ಬಳಿ ಕಾಲಂ ಇರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನೀರು ಚೆಲ್ಲಿ ಬೋಟನ್ನು ಎತ್ತಿದೆವು. ಓಂಕಾರ ಬಿಟ್ಟುಹೋದಾಗ ನಾಲ್ಕು ಜನ ಎತ್ತುವಷ್ಟಿದ್ದದ್ದು ಡಾಂಬರು, ಗಿಲಾವು ಸೇರಿ ಈಗ ಹನ್ನೆರಡು ಹೆಗಲು ಬೇಡಿತು. ನಮ್ಮ ಹಿಂದೆ ಸದ್ದಾಯಿತೆಂದು ತಿರುಗಿದರೆ, ತಮ್ಮ ತೊಟ್ಟಿ ಎದ್ದು ಹೊರಟದ್ದನ್ನು ನೋಡಿ ನೂರಾಐವತ್ತು ಕುರಿಗಳು ಸಾಲು ಹಿಡಿದು ಬರುತ್ತಿದ್ದವು. ಹೊಲದಲ್ಲಿ ಅಡುಗೆ ಬುಟ್ಟಿ ಇಳಿಸುತ್ತಿದ್ದ ಹೆಂಗಸರು ಯಾವ ದೇವರ ಮೆರವಣಿಗೆ ಎಂದು ತಿಳಿಯದೆ, ಯಾವುದಕ್ಕೂ ಇರಲಿ ಎಂದು ಕೈ ಮುಗಿದರು.

ಬೋಟು ಹೊಳೆಗೆ ಇಳಿಯಿತು. ತೇಲಿತು. ಪರಸಪ್ಪ ಹತ್ತಿ ಕೂತು ತಳದಲ್ಲೆಲ್ಲ ಕೈಯಾಡಿಸಿದ. ಒಂದು ಹನಿ ಇರಲಿಲ್ಲ.

“ಹುಟ್ಟು ಎಲ್ಲೈತಿ?” ಅಂದ ಭೀಮಶಿ.

ಎಲ್ಲರೂ ಬೋಟಿನೊಳಗೆ ಇಣುಕಿದರು. ಇಪ್ಪತ್ತಾರು ದಿನ ಸೋರುವುದನ್ನೇ ನೋಡುತ್ತಿದ್ದವನಿಗೆ, ಸೋರದ ಬೋಟನ್ನೂ ಯಾರಾದರೂ ನಡೆಸಬೇಕಾಗುತ್ತದೆ ಎಂಬುದು ನೆನಪಾಗಿರಲಿಲ್ಲ. ಕೊನೆಗೆ ಪಂಪಿನ ಮನೆಯಿಂದ ಎರಡು ಸಲಿಕೆ ಬಂದವು. ಒಂದು ಕಡೆ ಪರಸಪ್ಪ, ಇನ್ನೊಂದು ಕಡೆ ಶೆಟ್ಟೆಪ್ಪ ಕೂತರು. ಭೀಮಶಿ ಗಾಳಿ ತುಂಬಿದ ಎರಡು ಟ್ರ್ಯಾಕ್ಟರ್ ಟ್ಯೂಬು ಒಳಗೆ ಹಾಕಿದ. ಶೆಟ್ಟೆಪ್ಪನ ತೋಳಿನ ಬಲ ಜಾಸ್ತಿಯಾಗಿ ಬೋಟು ಮುಂದೆ ಹೋಗುವ ಬದಲು ಗುಂಡಗೆ ತಿರುಗಿತು. ಮೂರು ಸುತ್ತು ತಿರುಗಿದ ಮೇಲೆ ಆಚೆ ದಂಡೆಯಿಂದ ಗೌರಕ್ಕನ ದನಿ ಕೇಳಿಸಿತು. “ಪರಸ್ಯಾ, ನಾ ಈ ಕಡೆ ಅದೇನಿ.”

ಶೆಟ್ಟೆಪ್ಪ ಪರಸಪ್ಪನ ಎರಡಕ್ಕೆ ಒಂದು ಸಲಿಕೆ ಹಾಕತೊಡಗಿದ ಮೇಲೆ ಬೋಟು ನೆಟ್ಟಗೆ ಹೋಯಿತು. ನಾನು ದಂಡೆಯ ಮೇಲೆ ಸಾಕ್ಷಿಯಾಗಿ ನಿಂತಿದ್ದೆ. ಆಚೆ ಗೌರಕ್ಕನ ಮಗ ಅಶೋಕ ತಾಯಿಯನ್ನು ಎತ್ತಿ ಬೋಟಿನೊಳಗೆ ಕೂರಿಸಿದ್ದು ಕಂಡಿತು. ಆಕೆಯ ಮಡಿಲಲ್ಲಿ ಒಂದು ಚೀಲ. ಡಿಸೆಂಬರಿನ ಹೊಳೆ ಸೆಳೆತವಿಲ್ಲದೆ ಮಲಗಿತ್ತು. ಸಲಿಕೆಗಳು ಏಳುತ್ತಾ ಬೀಳುತ್ತಾ ಅರ್ಧ ತಾಸಿನಲ್ಲಿ ಆಕೆ ಈಚೆ ದಂಡೆಗೆ ಬಂದಳು. ವಾಂತಿಯಾಗಲಿಲ್ಲ. ಸೀರೆಯ ಅಂಚು ಕೂಡ ನೆನೆಯಲಿಲ್ಲ.

ಅಪ್ಪನ ಹೊಲದ ಬದುವಿನ ಮೇಲೆ ಕಾಲಿಟ್ಟಾಗ ಗೌರಕ್ಕ ನಿಂತಳು. ಜೋಳ ಎದೆಯೆತ್ತರ ಬೆಳೆದಿತ್ತು. ಒಂದು ದಂಟನ್ನು ಹಿಡಿದುಕೊಂಡಳು. ಅನ್ನಪೂರ್ಣಾ ಎಡೆಯ ಬುಟ್ಟಿಯನ್ನು ಅವಳ ಕೈಗೆ ಕೊಟ್ಟಳು. ಗೌರಕ್ಕ ಮೊದಲ ಮುಷ್ಟಿ ಚೆಲ್ಲಿದಳು. ಪರಸಪ್ಪ ಅತ್ತ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ನಾನೂ ಒರೆಸಿಕೊಂಡೆ, ಅದನ್ನು ಮುಚ್ಚಿಡುವುದೇಕೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲರಿಗೂ ಬಡಿಸಿದರು. ಶೆಟ್ಟೆಪ್ಪ ಅಲ್ಲವ್ವ ಪಂಕ್ತಿಯ ಮೊದಲಿಗೆ ಕೂತರು.

ಹೊತ್ತು ಇಳಿಯತೊಡಗಿತು. ಪರಸಪ್ಪ ಸಲಿಕೆ ತೊಳೆದು ಸಿದ್ಧ ಮಾಡಿ, “ನಡಿ ಅಕ್ಕಾ, ಕತ್ತಲಾಗೂದ್ರೊಳಗ ಬಿಟ್ಟು ಬರ್ತೇನಿ” ಅಂದ.

ಗೌರಕ್ಕ ಏಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಕೇಳಿದಳು, “ತಮ್ಮಾ, ನಿನ್ನ ಬೋಟು ಸೋರತೈತೇನು?”

ಪರಸಪ್ಪ ಎದೆ ಉಬ್ಬಿಸಿದ. “ಒಂದ ಹನಿ ಇಲ್ಲಕ್ಕಾ. ಬೇಕಾದ್ರ ಇಡೀ ಊರನ್ನ ಕೇಳು.”

“ಸೋರತೈತಿ ಅಂತ ನಮ್ಮ ಅಶೋಕಗ ಒಂದು ಫೋನ್ ಹಚ್ಚು” ಅಂದಳು ಗೌರಕ್ಕ, ಹೊಲದ ಕಡೆ ನೋಡುತ್ತ.

ಪರಸಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೆ ಎಲ್ಲವೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅರ್ಥವಾದ ಮೇಲೆ ಸಲಿಕೆ ಕೆಳಗಿಟ್ಟು, ಮೊಬೈಲು ತೆಗೆದು, ನಮ್ಮೆಲ್ಲರ ಎದುರು, ತನ್ನ ಮಾನವನ್ನೆಲ್ಲ ಪಣಕ್ಕಿಟ್ಟು ಮುಚ್ಚಿದ ಆ ತಳವನ್ನು ತಾನೇ ಬಾಯಿಂದ ತೂತು ಮಾಡಿದ. “ಅಶೋಕಾ, ಬೋಟು ಭಾಳ ಸೋರಾಕತ್ತೈತೋ. ಕುಂದ್ರಿಸೂ ಹಂಗಿಲ್ಲ. ಅವ್ವ ಇಲ್ಲೇ ಇರ್ತಾಳ. ರಿಪೇರಿ ಆದ ಮ್ಯಾಲೆ ಕಳಸ್ತೇನಿ.”

ಆ ಕಡೆಯಿಂದ ಅಶೋಕ ನಕ್ಕದ್ದು ನಮಗೂ ಕೇಳಿಸಿತು.

“ಅವಸರ ಮಾಡಬ್ಯಾಡ್ರಿ ಮಾಮಾ. ಅವ್ವ ಹೋಗುಮುಂದ ಚೀಲದಾಗ ಹದಿನೈದು ದಿನದ ಬಿಪಿ ಗುಳಿಗಿ ಹಾಕ್ಕೊಂಡು ಹೋಗ್ಯಾಳ. ಅವು ಮುಗಿಯೂತನಕ ಸೋರಲಿ.”